ಹೇಳಿದ ದಿನದೊಳಗೇ ಕೆಡವಿದ ಐದು ಗಾಳಿಯಂತ್ರಗಳು

ಪವನ ವಿದ್ಯುತ್ ಪರವಾನಗಿ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನಮ್ಮ ಊರಿನ ಐದು ಹಳೆಯ ಗಾಳಿಯಂತ್ರಗಳನ್ನು ಸೆಪ್ಟೆಂಬರ್ ಮೂವತ್ತರೊಳಗೆ ಕೆಡವಬೇಕೆಂದು ನೀವು ಬರೆದಿರಿ. ಕೆಡವಿದೆವು. ಅವುಗಳ ಜಾಗದಲ್ಲಿ ಮೂರು ಹೊಸ ಯಂತ್ರ ನಿಲ್ಲಿಸಲು ಪರವಾನಗಿ 'ಬೆನ್ನಲ್ಲೇ ಬರಲಿದೆ' ಎಂದೂ ಅದೇ ಕಾಗದದಲ್ಲಿ ಬರೆದಿದ್ದಿರಿ. ಹದಿನೇಳು ತಿಂಗಳಾಯಿತು. ಬರುವ ಮಾರ್ಚ್ ಮೂವತ್ತೊಂದರೊಳಗೆ ಅದು ಬಾರದಿದ್ದರೆ ನಮ್ಮ ವೆಸ್ಟರ್‌ಕೋಗ್‌ನ ಹೊಲಗಳು ಗಾಳಿಯಂತ್ರಕ್ಕೆಂದು ಜಾಗ ಗುರುತಿಸಿದ ನಿಮ್ಮ ನಕ್ಷೆಯಿಂದ ಹೊರಬೀಳುತ್ತವೆ, ಮುಂದೆಂದೂ ಇಲ್ಲಿ ಗಾಳಿಯಂತ್ರ ನಿಲ್ಲಿಸುವ ಹಾಗಿಲ್ಲ. ಇದನ್ನು ನಿಮಗೆ ಒಂಬತ್ತು ಸಲ ಖಾಸಗಿಯಾಗಿ ಬರೆದಿದ್ದೇನೆ. ಹತ್ತನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ, ಅಲ್ಲಾದರೂ ನಿಮ್ಮ ಕಣ್ಣಿಗೆ ಬೀಳಲಿ ಎಂದು. ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ. ಮಾತು ಮೆತ್ತಗಿದ್ದರೆ ಅದನ್ನು ವಿನಯವೆಂದು ತಿಳಿಯಬೇಡಿ.

ಇದರಲ್ಲಿ ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ನಲವತ್ತಾರು ಮನೆಯವರು ಸೇರಿ ನಡೆಸುವ ನಮ್ಮ ಗಾಳಿಯಂತ್ರ ಸಂಘಕ್ಕೆ ನಾನು ಅಧ್ಯಕ್ಷೆ. ನಿಮ್ಮ ಕಾಗದ ಬಂದಾಗ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಸಭೆ ಕರೆದೆ. ಏಳು ಗಂಟೆಗೆ ಎಂದರೆ ಏಳಕ್ಕೆ ಐದು ನಿಮಿಷ ಮೊದಲೇ ಕುರ್ಚಿ ತುಂಬುವ ಊರು ನಮ್ಮದು. ಇಪ್ಪತ್ತೆರಡು ವರ್ಷ ಆ ಯಂತ್ರಗಳನ್ನು ಹತ್ತಿ ಇಳಿದು ಗ್ರೀಸ್ ಹಚ್ಚಿದ ಮೆಕ್ಯಾನಿಕ್ ಮೊಮ್ಮೆ ಒಬ್ಬನೇ ತಕರಾರು ತೆಗೆದ.

"ಫ್ರಾವ್ಕೆ ಅಕ್ಕ, ಹೊಸ ಪರವಾನಗಿ ಕೈಗೆ ಬರೋವರೆಗೂ ಒಂದು ಬೋಲ್ಟೂ ಬಿಚ್ಚೋದು ಬೇಡ. ತಿರುಗ್ತಾ ಇರೋದನ್ನ ಯಾಕೆ ನಿಲ್ಲಿಸ್ತೀರಿ?"

"ದಿನಾಂಕ ಹಾಕಿ ಸಹಿ ಮಾಡಿದಾರಲ್ಲೋ ಮಾರಾಯ. ಸರ್ಕಾರ ಸುಳ್ಳು ಬರೆಯುತ್ತಾ?"

"ಸುಳ್ಳು ಬರೆಯಲ್ಲ. ಬರೆದದ್ದನ್ನ ಮರೆಯುತ್ತೆ."

ಎಲ್ಲರೂ ನಕ್ಕರು. ಶಂಖದಿಂದ ಬಂದರೆ ತಾನೇ ತೀರ್ಥ? ನಿಮ್ಮ ಮುದ್ರೆ ನೋಡಿ ನಲವತ್ತೈದು ಕೈ ಮೇಲೆದ್ದವು. ಗಡುವಿಗೆ ಎರಡು ದಿನ ಮೊದಲೇ ಕೆಲಸ ಮುಗಿಸಿ, ಬೋಳಾದ ಹೊಲದ ಫೋಟೋ ತೆಗೆದು ನಿಮಗೆ ಕಳಿಸಿದೆವು. ಪಕ್ಕದ ಊರಿನವರಿಗೂ ಇದೇ ಕಾಗದ ಬಂದಿತ್ತು. ಅವರು ಕಾಲಾವಕಾಶ ಕೇಳಿ ಒಂದು ಸಾಲು ಗೀಚಿ ಸುಮ್ಮನಾದರು. ಆ ಸಾಲಿಗೂ ನೀವು ಉತ್ತರಿಸಿಲ್ಲವಾದ್ದರಿಂದ ಅವರ ಯಂತ್ರಗಳು ಇವತ್ತಿಗೂ ತಿರುಗುತ್ತಿವೆ. ಮಾತು ಕೇಳಿದವರಿಗೆ ಖಾಲಿ ಹೊಲ, ಕೇಳದವರಿಗೆ ಕರೆಂಟು. ಇದು ಯಾವ ಸೀಮೆಯ ನ್ಯಾಯ? ಅವರ ಯಂತ್ರಗಳು ನನ್ನ ಅಡುಗೆಮನೆಯ ಕಿಟಕಿಯಿಂದ ಚೆನ್ನಾಗಿ ಕಾಣಿಸುತ್ತವೆ.

ಹೊಸ ಯಂತ್ರಗಳಿಗೆ ನಾವು ಅರ್ಜಿ ಹಾಕಿ ಆರು ವರ್ಷ. ಕೇಳಿದ್ದ ಮಾದರಿಯನ್ನು ತಯಾರಿಸುವುದೇ ಅಷ್ಟರಲ್ಲಿ ನಿಂತುಹೋಯಿತು, ಅದರ ರೆಕ್ಕೆ ಮಾಡುತ್ತಿದ್ದ ಕಾರ್ಖಾನೆಗೂ ಬೀಗ ಬಿತ್ತು. ಬದಲಿ ಮಾದರಿಯ ರೆಕ್ಕೆ ಎಂಬತ್ತು ಸೆಂಟಿಮೀಟರ್ ಹೆಚ್ಚು ಉದ್ದ. ಇದನ್ನೂ ಯಾರೂ ಕೇಳದೆ ನಾವೇ ತಿಳಿಸಿದೆವು. ಹಾಗಾದರೆ ಆ ರೆಕ್ಕೆಗೆ ಸಿಕ್ಕಬಹುದಾದ ಹಕ್ಕಿಗಳ ಎಣಿಕೆ ಮತ್ತೆ ಮೊದಲಿಂದ ಆಗಬೇಕೆಂದಿರಿ. ಆಗಲಿ, ಹಕ್ಕಿಗಳ ಮೇಲೆ ನಮಗೇನೂ ಹಗೆಯಿಲ್ಲ. ಆದರೆ ವಲಸೆಯ ಕಾಡುಬಾತುಗಳು ಎರಡು ಸಲ ಬಂದು ಹೋದವು, ಎಣಿಸಬೇಕಾದವರು ಒಂದು ಸಲವೂ ಬರಲಿಲ್ಲ. ನಿಮ್ಮ ಕಚೇರಿಗೆ ಫೋನ್ ಮಾಡಿದರೆ ಹೆಣ್ಣುಮಗಳೊಬ್ಬಳು ದನಿ ತಗ್ಗಿಸಿ ಹೇಳಿದಳು: "ಎಣಿಸೋ ಸಾಹೇಬ್ರು ನಿವೃತ್ತಿ ಆದ್ರು ಮೇಡಂ. ಆ ಜಾಗಕ್ಕೆ ಇನ್ನೂ ಯಾರನ್ನೂ ತಗೊಂಡಿಲ್ಲ. ನಾನು ಹೇಳ್ದೆ ಅಂತ ಎಲ್ಲೂ ಹೇಳ್ಬೇಡಿ." ಹೇಳಿಬಿಟ್ಟೆ, ಆಕೆ ಕ್ಷಮಿಸಲಿ.

ಈ ನಡುವೆ ಯೂರೋಪಿನ ಗಾಳಿವಿದ್ಯುತ್ತಿನ ಭವಿಷ್ಯ ಸಾರುವ ನಿಮ್ಮ ಹೊಳೆಯುವ ಪುಸ್ತಿಕೆ ಮನೆಮನೆಗೂ ಅಂಚೆಯಲ್ಲಿ ಬಂತು. ಮುಖಪುಟದಲ್ಲಿ ಕುರಿಗಳು, ಐದು ಗಾಳಿಯಂತ್ರ, ಪಕ್ಕದಲ್ಲಿ ನಮ್ಮೂರ ಟೆಲ್ಸೆ ಅಜ್ಜಿಯ ಕೆಂಪು ಕೊಟ್ಟಿಗೆ. ಹೌದು, ನಮ್ಮವೇ. ಭವಿಷ್ಯದ ಚಿತ್ರಕ್ಕೆ ನಿಮಗೆ ಸಿಕ್ಕಿದ್ದು ನೀವೇ ಕೆಡವಿಸಿದ ಯಂತ್ರಗಳು! ಒಳಗೆ ಗುರಿಗಳ ಪಟ್ಟಿ: ಆ ಇಸವಿಗೆ ಇಷ್ಟು, ಈ ಇಸವಿಗೆ ಅಷ್ಟು. ಗುರಿ ಬರೆಯಲು ಅಷ್ಟು ಸರಾಗವಾಗಿ ಓಡುವ ಪೆನ್ನು ಒಂದು ಪರವಾನಗಿಗೆ ಬಂದಾಗ ಏಕೆ ಒಣಗುತ್ತದೆ?

ಮೊಮ್ಮೆಗೆ ಈಗಲೂ ಕೆಲಸವಿದೆ, ಚಿಂತೆ ಬೇಡ. ಊರೂರು ಅಲೆದು ಹಳೆಯ ಯಂತ್ರಗಳನ್ನು ಬಿಚ್ಚುತ್ತಾನೆ. "ಕೆಡವೋ ಕೆಲಸಕ್ಕೆ ಬರಗಾಲವೇ ಇಲ್ಲ ಅಕ್ಕ" ಎನ್ನುತ್ತಾನೆ. ಅವನ ಜೊತೆ ಕಲಿತ ಇಬ್ಬರು ಈ ಉದ್ಯಮವನ್ನೇ ಬಿಟ್ಟುಹೋದರು. ನಾಳೆ ಹೊಸ ಯಂತ್ರ ಬಂದರೆ ಹತ್ತುವವರು ಯಾರು ಎಂದು ಪುಸ್ತಿಕೆಯಲ್ಲಿ ಹುಡುಕಿದೆ, ಸಿಗಲಿಲ್ಲ.

ಎಂಬತ್ಮೂರರ ಟೆಲ್ಸೆ ಅಜ್ಜಿ ಸಂಘದ ಮೊದಲ ಸದಸ್ಯೆ. ಕೆಡವಲು ಕೈಯೆತ್ತಿ ಎಂದು ಅವರ ಮನೆಗೆ ಹೋಗಿ ಒಪ್ಪಿಸಿದವಳು ನಾನೇ. ಮೊನ್ನೆ ಕರೆಸಿಕೊಂಡು ಚಹಾ ಬಗ್ಗಿಸಿ ಕೊಟ್ಟರು. ಬೈಯುತ್ತಾರೇನೋ ಎಂದು ಕಾದೆ.

"ನಿನ್ನನ್ನ ಏನೂ ಅನ್ನಲ್ಲ ಮಗಳೇ. ಆದ್ರೆ ಸಂಘ ಮುಚ್ಚಿಬಿಡೋಣ ಅಂತ ಈ ಸಲ ಸಭೇಲಿ ನಾನೇ ಕೇಳ್ತೀನಿ. ಕಾಯೋಕೂ ಒಂದು ವಯಸ್ಸಿರುತ್ತೆ."

ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ಅತ್ತೆ.

ನನ್ನ ಬೇಡಿಕೆ ಇಷ್ಟೇ. ಕೊಡುವುದಾದರೆ ಕೊಡಿ, ಇಲ್ಲವಾದರೆ ಇಲ್ಲವೆಂದು ಬರೆದು ಸಹಿ ಹಾಕಿ. 'ಪರಿಶೀಲನೆಯಲ್ಲಿದೆ' ಎಂಬ ಮಾತು ಇನ್ನು ಸಾಕು. ಮಾರ್ಚ್ ಮೂವತ್ತೊಂದರ ಸಂಜೆ ನಮ್ಮ ಸಭೆ. ಉತ್ತರವನ್ನು ನೀವೇ ತಂದು, ಈ ಜನರ ಮುಖ ನೋಡಿ ಓದಿದರೆ ಇನ್ನೂ ಸಂತೋಷ. ಕಾಗದ ಬಾರದೆ ಟೆಲ್ಸೆ ಅಜ್ಜಿಯ ಮಾತು ಮತಕ್ಕೆ ಬಿದ್ದರೆ, ಸಂಘ ಮುಚ್ಚಲು ಮೊದಲು ಮೇಲೇಳುವ ಕೈ ನನ್ನದೇ.

ಇಂತಿ,
ಆ ಕುರ್ಚಿ ಬೇರೆ ಯಾರಿಗೂ ಬೇಡವಾದ್ದರಿಂದ ಇನ್ನೂ ಅಧ್ಯಕ್ಷೆಯಾಗಿ ಉಳಿದಿರುವ
ಫ್ರಾವ್ಕೆ ಕಾರ್‌ಸ್ಟೆನ್ಸ್
ವೆಸ್ಟರ್‌ಕೋಗ್, ಉತ್ತರ ಜರ್ಮನಿಯ ಕಡಲಂಚು