ಹದಿನೇಳನೇ ನಂಬರಿನ ದವನವನ್ನು ಸುಡಬೇಡಿ

ಸುಗಂಧ ಸಸ್ಯಗಳ ಬೀಜಭಂಡಾರದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಇದೇ ತಿಂಗಳ ಮೂವತ್ತರಂದು ತಾವು ಸುಡಿಸಲಿರುವ ಬೀಜದ ಪೊಟ್ಟಣಗಳಲ್ಲಿ ಹದಿನೇಳನೇ ನಂಬರಿನದು ನಮ್ಮ ಮನೆಯ ದವನ. ಅದನ್ನು ಸುಡಬೇಡಿ ಎಂದು ಕೇಳಲು ಈ ಪತ್ರ. ಅದರ ಡಿಎನ್‌ಎಯನ್ನು ಓದಿಸಿದ್ದೀರಂತೆ, ಮಾರುಕಟ್ಟೆಯ ಮಾಮೂಲಿ ದವನಕ್ಕೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲವಂತೆ, ಆದ್ದರಿಂದ ಪ್ರತ್ಯೇಕವಾಗಿ ಕಾಪಾಡುವ ಅಗತ್ಯವಿಲ್ಲವಂತೆ. ನಿಮ್ಮ ಕಚೇರಿಯಿಂದ ಬಂದ ಪತ್ರದಲ್ಲಿ ಇದೆಲ್ಲ ಒಟ್ಟು ಮೂರೂವರೆ ಸಾಲು. ನಮ್ಮತ್ತೆಯ ನಲವತ್ತು ವರ್ಷದ ಕೆಲಸವನ್ನು ಇಷ್ಟು ಚುಟುಕಾಗಿ ಮುಗಿಸಬಲ್ಲವರು ತಾವೊಬ್ಬರೇ.

ನಾನು ವಿಜ್ಞಾನದ ವಿರೋಧಿಯಲ್ಲ. ಜೆ.ಪಿ. ನಗರದ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಪ್ರಯೋಗಾಲಯದ ಸಹಾಯಕಿಯಾಗಿದ್ದವಳು. ನಾಲ್ಕೇ ಅಕ್ಷರಗಳ ಸಾಲನ್ನು ಓದಿ, ಈ ಗಿಡ ಆ ಗಿಡಕ್ಕೆ ಎಷ್ಟು ಹತ್ತಿರ, ಎಷ್ಟು ದೂರ ಎಂದು ಹೇಳಬಹುದೆಂದು ತಿಳಿದಾಗ ಸಂತೋಷಪಟ್ಟಿದ್ದೆ. ನಮ್ಮತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಉತ್ತರಹಳ್ಳಿಯ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ದವನದ ಮಡಿ ಮಾಡಿ, ಎಲ್ಲಕ್ಕಿಂತ ತಡವಾಗಿ ಹೂಬಿಡುವ ಗಿಡಗಳಿಗೆ ಕೆಂಪು ದಾರ ಕಟ್ಟಿ, ಅವುಗಳ ಬೀಜವನ್ನು ಮಾತ್ರ ಮುಂದಿನ ವರ್ಷಕ್ಕೆ ಎತ್ತಿಡುತ್ತಿದ್ದರು. ಪ್ರತಿ ವರ್ಷ ಹೀಗೆ. ಅಂಗಡಿಯ ದವನ ಹೂಬಿಟ್ಟು ಕಡ್ಡಿಯಾದ ಮೇಲೂ ನಮ್ಮದು ಹದಿನೈದು ದಿನ ಎಳಸಾಗಿಯೇ ಇರುತ್ತಿತ್ತು. ಒಣಗಿಸಿ ಸೀರೆಯ ಮಡಿಕೆಯಲ್ಲಿಟ್ಟರೆ ವರ್ಷವಾದರೂ ಘಮ ಹೋಗುತ್ತಿರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಆ ದಾರ ಕಟ್ಟುವ ಕೆಲಸ ನನ್ನದಾಯಿತು.

ಹೋದ ವರ್ಷಕ್ಕೂ ಹಿಂದಿನ ಬೇಸಿಗೆಯಲ್ಲಿ ನಿಮ್ಮವರು ಬಂದು ಎರಡು ಚಮಚ ಬೀಜ ಒಯ್ದು, ಹದಿನೇಳನೇ ನಂಬರು ಕೊಟ್ಟು ಶೀತಲ ಕೋಣೆಯಲ್ಲಿಟ್ಟರು. ಮರುವರ್ಷ ಜನವರಿಯಲ್ಲಿ, ಡಿಎನ್‌ಎ ಪರೀಕ್ಷೆಗೆ ಎಲೆ ಬೇಕೆಂದು ಪದ್ಮಶ್ರೀ ಎಂಬ ಸಂಶೋಧಕಿ ಬಂದಳು. ಎರಡು ಬಸ್ಸು ಬದಲಿಸಿ, ಬಿಸಿಲಲ್ಲಿ ನಡೆದು ಬಂದ ಹುಡುಗಿ.

"ಆಂಟಿ, ಐದು ಗಿಡದ್ದು ಎಳೇ ಎಲೆ ಸಾಕು. ನಾನೇ ಕಿತ್ಕೋತೀನಿ," ಎಂದಳು.

ಇಲ್ಲಿಂದ ಮುಂದಿನದನ್ನು ತಾವು ಗಮನವಿಟ್ಟು ಓದಬೇಕು. ನಮ್ಮ ಮನೆಯಲ್ಲಿ ದವನದ ಮೊದಲ ಕುಡಿ ಶಿವರಾತ್ರಿಯ ದಿನ ಲಿಂಗಕ್ಕೆ ಏರಬೇಕು. ಅದಕ್ಕೆ ಮುಂಚೆ ಆ ಮಡಿಯಿಂದ ಒಂದೆಲೆಯನ್ನೂ ಯಾರೂ ಕೀಳುವಂತಿಲ್ಲ. ಶಿವರಾತ್ರಿಗೆ ಇನ್ನೂ ದಿನಗಳಿದ್ದವು. ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ, ಕೀಳು ಎನ್ನಲು ಮನಸ್ಸು ಒಪ್ಪಲಿಲ್ಲ. "ನೀನು ಕೂತ್ಕೋಮ್ಮ, ಮಜ್ಜಿಗೆ ಕುಡಿ. ನಾನೇ ತಂದ್ಕೊಡ್ತೀನಿ," ಎಂದು ಹಿತ್ತಲ ಬಾಗಿಲಿಂದ ಹೊರಟು, ಮೂಲೆಯ ಹೂವಿನಂಗಡಿಯಿಂದ ಎರಡು ಕಟ್ಟು ದವನ ಕೊಂಡು ತಂದೆ. ಐದು ಲಕೋಟೆಗೆ ನಾನೇ ತುಂಬಿ, ನಾನೇ ಹದಿನೇಳು ಎಂದು ಬರೆದೆ. ದವನವೆಲ್ಲ ದವನವೇ, ಪರೀಕ್ಷೆಗಷ್ಟೇ ತಾನೇ ಎಂದುಕೊಂಡೆ. ಲೇಬಲ್ ತಪ್ಪಿದ ಬಾಟಲಿಗೆ ಇಪ್ಪತ್ತಾರು ವರ್ಷ ಮಕ್ಕಳನ್ನು ಗದರಿಸಿದವಳು ನಾನು!

ಹಾಗಾಗಿ ನಿಮ್ಮ ಯಂತ್ರ ಸರಿಯಾಗಿಯೇ ಓದಿದೆ. ಅಂಗಡಿಯ ದವನವನ್ನು ಅಂಗಡಿಯ ದವನ ಎಂದಿದೆ. ಆದರೆ ನಿಮ್ಮ ನಮೂನೆಯಲ್ಲಿ ಅಕ್ಷಾಂಶ, ರೇಖಾಂಶ, ನನ್ನ ಆಧಾರ್ ಸಂಖ್ಯೆ, ತಂದೆಯ ಹೆಸರು ಎಲ್ಲಕ್ಕೂ ಜಾಗವಿತ್ತು. ಈ ಎಲೆ ಯಾವ ಗಿಡದ್ದು ಎಂದು ಕೇಳಲು ಒಂದು ಸಾಲು ಇರಲಿಲ್ಲವೇ? ಪೊಟ್ಟಣದ ಬೀಜವನ್ನೇ ಮೊಳೆಸಿ ನೋಡಬೇಕೆಂದು ಅಷ್ಟು ಜನ ವಿಜ್ಞಾನಿಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ಪದ್ಮಶ್ರೀಯನ್ನು ಮಾತ್ರ ದಯವಿಟ್ಟು ಗುರಿಮಾಡಬೇಡಿ. ಮನೆಯ ಹೆಂಗಸಿನ ಮಾತನ್ನು ನಂಬಿದ್ದೇ ಅವಳ ತಪ್ಪು.

ನನ್ನ ಸಂಕಟ ಇಷ್ಟೇ ಆಗಿದ್ದರೆ ಮತ್ತೆ ಬಿತ್ತಿ, ಮತ್ತೆ ಎಲೆ ಕೊಡುತ್ತಿದ್ದೆ. ಆ ಶಿವರಾತ್ರಿಯಾದ ತಿಂಗಳಿಗೇ, ಬೀಜ ಬಲಿಯುವ ಮೊದಲೇ, ಸೈಟಿನವರು ಪಾಯ ತೋಡಿಸಿದರು. ಡಬ್ಬಿಯಲ್ಲಿದ್ದ ಹಳೆಯ ಬೀಜವನ್ನು ಕಾರ್ತಿಕದಲ್ಲಿ ಕುಂಡಗಳಿಗೆ ಹಾಕಿದೆ. ಒಂದೂ ಹುಟ್ಟಲಿಲ್ಲ. ದವನದ ಬೀಜ ಮನೆಯಲ್ಲಿ ಬಹಳ ಕಾಲ ಬಾಳುವುದಿಲ್ಲ. ನಮ್ಮ ಯಜಮಾನರು, "ಅಮ್ಮನ ಬೀಜ ಆಫೀಸಲ್ಲಿ ಭದ್ರವಾಗಿದೆ, ಬಿಡೇ," ಎಂದು ಸಮಾಧಾನ ಹೇಳಿದರು. ಈಗ ಭೂಮಿಯ ಮೇಲೆ ಅದು ಉಳಿದಿರುವುದು ನಿಮ್ಮ ಆ ಪೊಟ್ಟಣದಲ್ಲಿ ಮಾತ್ರ. ನಾನು ಮಾಡಿದ್ದು ಅವರಿಗೆ ಇನ್ನೂ ಗೊತ್ತಿಲ್ಲ, ಈ ಪತ್ರ ಅಚ್ಚಾದ ಮೇಲೆ ಪತ್ರಿಕೆಯಲ್ಲಿ ಓದಿ ತಿಳಿಯಲಿದ್ದಾರೆ.

ಜಯನಗರದ ನಿಮ್ಮ ಕಚೇರಿಗೆ ಮೂರು ಸಲ ಬಂದೆ. ತಾವು ಮೂರು ಸಲವೂ ಮೀಟಿಂಗಿನಲ್ಲಿದ್ದಿರಿ. ಕೊನೆಯ ಸಲ ನಿಮ್ಮ ಸಹಾಯಕರು ಕಂಪ್ಯೂಟರಿನಿಂದ ಕಣ್ಣೆತ್ತದೆ, "ಡಿಎನ್‌ಎ ಸುಳ್ಳು ಹೇಳಲ್ಲ ಮೇಡಂ. ಫೈಲ್ ಕ್ಲೋಸ್ ಆಗೋಗಿದೆ," ಎಂದರು.

"ಅದು ಹೇಳಿಲ್ಲ ಸಾರ್, ಸುಳ್ಳು ಹೇಳಿದ್ದು ನಾನು."

"ಹಂಗಂತ ಬರ್ಕೊಟ್ರೆ ಸರ್ಕಾರಕ್ಕೆ ಮೋಸ ಮಾಡಿದ್ರಿ ಅಂತ ನಿಮ್ಮೇಲೇ ಕೇಸ್ ಆಗುತ್ತೆ. ಸುಮ್ನೆ ಮನೇಗೋಗಿ."

ಸುಮ್ಮನೆ ಮನೆಗೆ ಬಂದು ಈಗ ಬರೆದುಕೊಡುತ್ತಿದ್ದೇನೆ, ಎಲ್ಲರೂ ಓದುವಂತೆ. ಆ ಪೊಟ್ಟಣದಿಂದ ಒಂದು ಚಿಟಿಕೆ ಬೀಜವನ್ನು ಬಿತ್ತಿಸಿ. ಮೊಳೆತ ಸಸಿಯ ಎಲೆಯನ್ನು ನಿಮ್ಮವರ ಕೈಯಿಂದಲೇ ಕೀಳಿಸಿ, ಇನ್ನೊಮ್ಮೆ ಓದಿಸಿ. ಅದಕ್ಕೆ ಪುರುಸೊತ್ತಿಲ್ಲವೆಂದಾದರೆ ನನ್ನ ಮೇಲೆ ಕೇಸನ್ನೇ ಹಾಕಿ. ಹದಿನೇಳನೇ ಪೊಟ್ಟಣವನ್ನು ಸಾಕ್ಷ್ಯವೆಂದು ಜಪ್ತಿ ಮಾಡಿ, ಮೊಹರು ಹಾಕಿ, ಅದೇ ಶೀತಲ ಕೋಣೆಯಲ್ಲಿಡಿ. ಕೇಸು ಮುಗಿಯುವವರೆಗೆ ಸಾಕ್ಷ್ಯವನ್ನು ಸುಡುವಂತಿಲ್ಲವಂತೆ. ನಮ್ಮ ಕೇಸುಗಳು ಎಷ್ಟು ವರ್ಷ ನಡೆಯುತ್ತವೆಂದು ತಮಗೂ ಗೊತ್ತು.

ಇಂತಿ,
ದೇವರಿಗೆ ನಡೆದುಕೊಂಡು, ಅತ್ತೆಗೆ ಮೋಸ ಮಾಡಿದ ಸೊಸೆ,
ಜಯಶೀಲಾ ಮರುಳಸಿದ್ದಪ್ಪ
ಉತ್ತರಹಳ್ಳಿ, ಬೆಂಗಳೂರು