ಅಕ್ಕೋರು ನೀರು ಕುಡಿಯುತ್ತಿಲ್ಲ

ಕೆಲಗೇರಿ, ಧಾರವಾಡ
3 ಮೇ 2025, ಶನಿವಾರ

ಚಿ. ಸೌ. ಪ್ರಭಾವತಿಗೆ,

ಆಶೀರ್ವಾದ. ರೂಢಿ ಇದೆ ಎಂದು ಬರೆದಿದ್ದೇನೆ, ಮನಸ್ಸಿನಿಂದ ಬಂದದ್ದಲ್ಲ. ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ.

ನಿನ್ನೆ ಈ ವೃದ್ಧಾಶ್ರಮದ ಡಾಕ್ಟರು ನನ್ನೆದುರೇ ಸ್ಪೀಕರ್ ಹಾಕಿ ನಿನ್ನೊಡನೆ ಮಾತಾಡಿದರು. ಅಜ್ಜಿ ನೀರು ಕುಡಿಯುತ್ತಿಲ್ಲ, ಆಗಲೇ ಒಮ್ಮೆ ತಲೆಸುತ್ತಿ ಬಿದ್ದಿದ್ದಾರೆ, ಹೀಗೇ ಬಿಟ್ಟರೆ ಕಿಡ್ನಿ ಕೈಕೊಡುತ್ತದೆ, ಸೋಮವಾರದೊಳಗೆ ಸರಿಹೋಗದಿದ್ದರೆ ಮೂಗಿಗೆ ಪೈಪು ಹಾಕಬೇಕು ಎಂದರು. ನೀನು ಏನಂದೆ? "ಹಾಕ್ರಿ ಸರ್, ಸಹಿ ಮಾಡ್ತೇನಿ, ಆಕಿ ಹಟಾ ನಿಮಗ ಗೊತ್ತಿಲ್ಲ" ಎಂದೆ. ಭಲೇ ಮಗಳೇ! ಮೂಗುದಾರ ಪೋಣಿಸಲು ನಾನೇನು ಎತ್ತೇ?

ನೀರಿನ ವಿಷಯದಲ್ಲಿ ನನಗೆ ಪಾಠ ಹೇಳಬೇಡ. ಗೀತಾಂಜಲಿ ಸಿಸ್ಟರ್ ಮೂತಿಯ ಕಪ್ಪು ಹಿಡಿದು "ಅಜ್ಜಿ, ಆ ಮಾಡ್ರಿ" ಎಂದು ಬಾಯಿಗೆ ಮೇಲಿನಿಂದ ಹೊಯ್ಯಲು ಬಂದಳು. ನಾನು ಕಲಿತ ಸಾಲಿಯಲ್ಲಿ ನನ್ನ ಬೊಗಸೆಗೆ ಹೀಗೇ ಹೊಯ್ಯುತ್ತಿದ್ದರು, ತಂಬಿಗೆಗೆ ನನ್ನ ಕೈ ತಾಗಬಾರದೆಂದು. ಮುಂದೆ ನಾನೇ ಸಾಲಿಯ ಮುಖ್ಯ ಅಕ್ಕೋರಾದಾಗ ಮಾಡಿದ ಮೊದಲ ಕೆಲಸವೆಂದರೆ ಪಡಸಾಲೆಯಲ್ಲಿ ಒಂದು ಹರವಿ ನೀರು ಇಡಿಸಿದ್ದು. ಎಲ್ಲ ಮಕ್ಕಳಿಗೂ ಅದೇ ಲೋಟ. ಆಮೇಲೆ ಯಾರಿಗೂ ನನ್ನ ಬಾಯಿಗೆ ಮೇಲಿಂದ ನೀರು ಹೊಯ್ಯಗೊಡಲಿಲ್ಲ. ಆ ಕಪ್ಪನ್ನು ಗೋಡೆಗೆ ಬೀಸಿ ಒಗೆದೆ. ಹುಡುಗಿ ಅತ್ತಳು, ಪಾಪ. ಈಗ ಸ್ಟೀಲಿನ ಲೋಟದಲ್ಲೇ ಕೊಡುತ್ತಾಳೆ. ಆದರೂ ಕುಡಿಯುವುದಿಲ್ಲ. ಗಂಟಲು ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಕಿಟಕಿಯಿಂದ ಕೆರೆ ಕಾಣುತ್ತದೆ ಎಂದು ಆ ಕಡೆ ಬೆನ್ನು ಮಾಡಿ ಮಲಗುತ್ತೇನೆ.

ವಿದ್ಯಾನಗರದಿಂದ ಕಾರಿನಲ್ಲಿ ಬಂದು ಎಳನೀರು, ಮಜ್ಜಿಗೆ, ಕಲ್ಲಂಗಡಿ ಎಂದು ಮೇಜಿನ ಮೇಲೆ ಅಂಗಡಿ ಹೂಡುತ್ತೀ. ಕೈಗಡಿಯಾರ ನೋಡುತ್ತ "ಕುಡಿ ಬೇ ಯವ್ವಾ, ಲಗೂ ಕುಡಿ" ಎನ್ನುತ್ತೀ. ಯಾಕೆ ಕುಡಿಯುತ್ತಿಲ್ಲ ಎಂದು ಒಮ್ಮೆಯಾದರೂ ಕೇಳಿದೆಯಾ? ಮಗಳಾಗಿ ಹುಟ್ಟಿ ಅಷ್ಟೂ ತಿಳಿಯಲಿಲ್ಲವಲ್ಲ, ಥೂ.

ಮೇಲಿಂದ ನಿನ್ನ ಉಪಕಾರ ಬೇರೆ. ನನ್ನ ಹಳೇ ವಿದ್ಯಾರ್ಥಿ ವಿಶಾಲ ಇಲ್ಲಿ ಕೆಲಸಕ್ಕಿದ್ದಾನೆಂದು ಗೊತ್ತಾದದ್ದೇ ತಡ, ಮ್ಯಾನೇಜರಿಗೆ ಹೇಳಿ ಅವನನ್ನು ನನ್ನ ಕೋಣೆಗೇ ಹಾಕಿಸಿದೆ. ಮೊದಲು ನನ್ನನ್ನು ನೋಡಿಕೊಳ್ಳುತ್ತಿದ್ದ ದೇವಕ್ಕನನ್ನು ಆಚೆ ಕಟ್ಟಡಕ್ಕೆ ಕಳಿಸಿದರು. ಶಿಷ್ಯನೇ ಗುರುವಿನ ಸೇವೆ ಮಾಡುತ್ತಾನೆಂದು ನೀನು ಬಳಗಕ್ಕೆಲ್ಲ ಹೇಳಿಕೊಂಡು ಮೆರೆದೆ. ಹುಡುಗ ಒಳ್ಳೆಯವನೇ, ಸುಳ್ಳು ಯಾಕೆ ಹೇಳಲಿ. ಬಂದ ಕೂಡಲೇ ಕಾಲು ಮುಟ್ಟಿ "ಆರಾಮ ಅದೀರಿಲ್ರಿ ಅಕ್ಕೋರ?" ಎನ್ನುತ್ತಾನೆ. ಕೂಡು ಎಂದರೂ ನನ್ನೆದುರು ಕೂಡುವುದಿಲ್ಲ. ಆ ಮರ್ಯಾದೆ ನನಗೆ ಯಾರೂ ಪುಕ್ಕಟೆ ಕೊಟ್ಟದ್ದಲ್ಲ, ಪ್ರಭಾ.

ನಾಳೆ ನೀನು ಬರಬೇಡ. ಪೈಪಿಗೆ ಸಹಿ ಹಾಕಿದೆಯಾದರೆ ನನ್ನ ಹೆಣದ ಮುಂದೆ ಕೂತು ಅಳುವ ಹಕ್ಕೂ ನಿನಗಿಲ್ಲ. ಖರೇ ಹೇಳುತ್ತಿದ್ದೇನೆ.

ನಿನ್ನನ್ನು ಹೆತ್ತ ತಪ್ಪಿಗೆ ತಾಯಿಯಾದವಳು,
ಕಸ್ತೂರೆವ್ವ

ತಾ.ಕ.: ಸಿಟ್ಟು ಇಳಿದಿಲ್ಲ, ಆದರೂ ಬರೆಯುತ್ತೇನೆ. ನೀರು ಕುಡಿದರೆ ಒಂದಕ್ಕೆ ಹೋಗಬೇಕು. ಒಬ್ಬಳೇ ಏಳಲಾರೆ. ಸಿಸ್ಟರ್ ಗುಳಿಗೆ ಕೊಟ್ಟು ಹೋಗಿಬಿಡುತ್ತಾಳೆ. ಗಂಟೆ ಒತ್ತಿದರೆ ಬರುವವನು ವಿಶಾಲ. ಕಿರುಬೆರಳು ಎತ್ತಿ "ಒಂದಕ್ಕ ಹೋಗಿ ಬರ್ಲೇನ್ರಿ ಅಕ್ಕೋರ?" ಎಂದು ನನ್ನ ಅಪ್ಪಣೆ ಕೇಳುತ್ತಿದ್ದ ಹುಡುಗ ಅವನು. ಈಗ ನಾನು ಅವನಿಗೆ ಬೆರಳು ತೋರಿಸಲೇ? ಅವನ ಕೈಯಿಂದ ಸೀರೆ ಸರಿಪಡಿಸಿಕೊಳ್ಳಲೇ? ದೇವಕ್ಕನನ್ನು ವಾಪಸು ಹಾಕಿಸು. ಅವನಿಗೆ ಕಾರಣ ಹೇಳಬೇಡ, ನೊಂದುಕೊಳ್ಳುತ್ತಾನೆ. ಈ ಕಾಗದ ನಿನ್ನ ಮನೆಗೆ ಮುಟ್ಟಿಸುವವನೂ ಅವನೇ, ಅದಕ್ಕೇ ಲಕೋಟೆ ಅಂಟಿಸಿದ್ದೇನೆ. ನಾಳೆ ಬಾ. ಮಜ್ಜಿಗೆ ತಾ. ದೇವಕ್ಕ ಬಾಗಿಲಲ್ಲಿ ಕಂಡ ಮೇಲೆ ಕುಡಿಯುತ್ತೇನೆ.