ಡೆಲ್ಫಿನಾ ಮಾತಾಡಿದಳು

ನವೆಂಬರ್ 14, ಗುರುವಾರ. ಫ್ರೆಸ್ನೊ

ಹೈಸ್ಕೂಲಿನ ಈ ಹೊಸ ಪದ್ಧತಿಗೆ ನಾನಿನ್ನೂ ಒಗ್ಗಿಲ್ಲ. ಗುರುವಾರ ಬಂದರೆ ಮಕ್ಕಳೆಲ್ಲ ಕೆಲಸ ಕಲಿಯಲು ಅಂಗಡಿ, ಆಸ್ಪತ್ರೆ, ವೃದ್ಧಾಶ್ರಮ ಅಂತ ಹೊರಗೆ ಹೋಗುತ್ತಾರೆ. ನನ್ನ ಇಂಗ್ಲಿಷ್ ಪಾಠ ಹಿಂದೆ ಬೀಳುತ್ತದೆ. ಬೆಳಿಗ್ಗೆಯೆಲ್ಲ ಅದೇ ಕಿರಿಕಿರಿ.

ಸಂಜೆ ಅಮ್ಮನನ್ನು ನೋಡಲು ವೃದ್ಧಾಶ್ರಮಕ್ಕೆ ಹೋದೆ. ನನ್ನ ಹನ್ನೊಂದನೇ ತರಗತಿಯ ಡೆಲ್ಫಿನಾ ಗುರುವಾರದ ಕೆಲಸಕ್ಕೆ ಅಲ್ಲಿಗೇ ಬಂದು ಅಮ್ಮನ ತಲೆ ಬಾಚುತ್ತಿದ್ದಳು. ಪಾಠದಲ್ಲಿ ಒಮ್ಮೆಯೂ ಬಾಯಿ ಬಿಡದ ಹುಡುಗಿ.

"ಅಜ್ಜಿ, ಅಲ್ಲಾಡ್ಬೇಡಿ. ಜಡೆ ಸೊಟ್ಟಗಾದ್ರೆ ನಿಮ್ಮ ಮಗಳು ನಂಗೆ ಮಾರ್ಕ್ಸ್ ಕಡಿಮೆ ಮಾಡ್ತಾರೆ!"

ಅಮ್ಮ ನಕ್ಕಳು. ಲಕ್ವ ಹೊಡೆದ ಮೇಲೆ ಯಾರು ಮುಟ್ಟಿದರೂ ಕೈ ತಳ್ಳುತ್ತಿದ್ದವಳು, ನನ್ನ ಕೈಯನ್ನೂ. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಹೊರಡುವಾಗ ಡೆಲ್ಫಿನಾ ಕಾರಿನವರೆಗೂ ಬಂದಳು.

"ಮಿಸ್, ನರ್ಸಿಂಗ್ ಕಾಲೇಜಿಗೆ ನನ್ನಂಥೋರನ್ನ ಸೇರಿಸ್ಕೋತಾರಾ? ನಾನು ದಡ್ಡಿ ಅಂತ ನಿಮಗೇ ಗೊತ್ತಲ್ಲ."

"ಯಾರೇ ಹಾಗಂದಿದ್ದು? ನಾಳೆ ಊಟದ ಹೊತ್ತಿಗೆ ಬಾ. ಕಾಲೇಜಿನವರು ಅರ್ಜಿ ಜೊತೆ ಕೇಳೋ ಪ್ರಬಂಧ ಇಬ್ಬರೂ ಕೂತು ಶುರು ಮಾಡೋಣ."

"ಬರೆಯೋಕೆ ನನ್ನ ಹತ್ರ ಏನಿದೆ, ಮಿಸ್?"

"ಇವತ್ತು ನಮ್ಮಮ್ಮನ್ನ ಹೇಗೆ ನಗಿಸ್ದೆ ಅಂತ ಬರಿ."

ಅಷ್ಟು ಹೇಳಿ ನಾನು ಕಾರಿಗೆ ಒರಗಿ ಕಣ್ಣೊರೆಸಿಕೊಂಡೆ. ಅವಳು ಹತ್ತಿರ ಬಂದಳು. ನಾನು ಸುಧಾರಿಸಿಕೊಳ್ಳುವವರೆಗೂ ನನ್ನ ತೋಳು ಹಿಡಿದುಕೊಂಡು ನಿಂತಿದ್ದಳು, ಅದು ಅವಳಿಗೆ ಎಷ್ಟೋ ವರ್ಷಗಳಿಂದ ಬರುವ ಕೆಲಸವೇನೋ ಎಂಬಂತೆ.